ಬಲಗಡೆಯ ಸೊಂಟನೋವು: ಮೊದಲು ಹಿಂಜೇಬಿನ ಪರ್ಸ್ ತೆಗೆಯಿರಿ

ಮಂಡ್ಯದಿಂದ ಮೈಸೂರಿಗೆ ದಿನವೂ ಬೈಕ್, ಆಮೇಲೆ 8 ಗಂಟೆ ಕುರ್ಚಿ, ನೋವು ಬಲಗಡೆ ಮಾತ್ರ, ಪರ್ಸ್ ಇರುವುದೂ ಬಲ ಹಿಂಜೇಬಿನಲ್ಲಿ ಎಂದು ಬರೆದಿದ್ದೀರಿ. ಬಹುಮಟ್ಟಿಗೆ ಕಾರಣ ಆ ಪರ್ಸೇ, ಜೊತೆಗೆ ಏಳದೆ ಕೂರುವ ಅಭ್ಯಾಸ. ದಪ್ಪ ಪರ್ಸಿನ ಮೇಲೆ ಕುಳಿತಾಗ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಪೃಷ್ಠದ ಸ್ನಾಯುವೂ ಅದರಡಿಯ ನರವೂ ಒತ್ತಿಹೋಗುತ್ತವೆ. ನನಗೂ ಹೀಗೇ ಆಗಿತ್ತು.

ಪರ್ಸನ್ನು ಇಂದೇ ಮುಂದಿನ ಜೇಬಿಗೆ ಹಾಕಿ. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ದುಬಾರಿ ಕುರ್ಚಿಗಿಂತ ಇದೇ ಮುಖ್ಯ. ಎರಡು ವಾರ ಬೈಕ್ ಬಿಟ್ಟು ರೈಲಿನಲ್ಲಿ ಹೋಗಿ, ಸೀಟು ಸಿಗದೆ ನಿಂತು ಹೋದರೂ ವಾಸಿ. ವಾರವಿಡೀ ಮಲಗಿಯೇ ಇರುವ ಯೋಚನೆಯನ್ನು ಮಾತ್ರ ದಯವಿಟ್ಟು ಬಿಡಿ, ಅದರಿಂದ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಬದಲಿಗೆ ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ 20 ನಿಮಿಷ ನಿಧಾನವಾಗಿ ನಡೆದು ಆಮೇಲೆ ಊರಿಗೆ ಹೊರಡಿ.

ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆಯೂ ಇರಬಹುದು, ಬರಹ ನೋಡಿ ಅದನ್ನು ತಳ್ಳಿಹಾಕಲಾರೆ. ನಾಲ್ಕು ವಾರದಲ್ಲಿ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಪಾದದ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.