ಸಂಪಾದಕರ ಉತ್ತರ: ಟ್ರೂಪರ್ ಸೊಂಟದ ರಿವಾಲ್ವರ್

ಪ್ರಿಯ ಓದುಗರೇ,

ಅಮೆರಿಕದ ರಾಜ್ಯ ಪೊಲೀಸರ (ಅಲ್ಲಿ ಅವರನ್ನು 'ಟ್ರೂಪರ್' ಎನ್ನುತ್ತಾರೆ) ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಗರದ ಪೊಲೀಸರಿಗಿಂತ ರಾಜ್ಯ ಪೊಲೀಸರ ಸೊಂಟದಲ್ಲಿ ದೊಡ್ಡ ರಿವಾಲ್ವರ್ ಯಾಕೆ ಇರುತ್ತಿತ್ತು? ಹಿಡಿಯೊಳಗಿನ ಪೆಟ್ಟಿಗೆಯಿಂದ ಗುಂಡು ತಾನಾಗಿ ಮೇಲೇರುವ, ಜಾಸ್ತಿ ಗುಂಡು ಹಿಡಿಸುವ ಪಿಸ್ತೂಲುಗಳು ಬಂದು ಎಷ್ಟೋ ಕಾಲವಾಗಿದ್ದರೂ 1980ರ ದಶಕದವರೆಗೆ ಅವರು ತಿರುಗುವ ಉರುಳೆಯಲ್ಲಿ (ಸಿಲಿಂಡರ್) ಆರು ಗುಂಡು ಹಿಡಿಸುವ ರಿವಾಲ್ವರನ್ನೇ ಯಾಕೆ ಬಿಡಲಿಲ್ಲ? 'ಹಳೇ ಚಾಳಿ, ಅಷ್ಟೇ' ಎಂದು ಎರಡನೆಯದಕ್ಕೆ ನೀವೇ ಉತ್ತರ ಬರೆದಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ. ಚಾಳಿಯ ಪಾತ್ರ ಇತ್ತು, ನಿಜ. ಆದರೆ ಅದು ಬಂದೂಕಿನ ಆಯ್ಕೆಯಲ್ಲಿ ಅಲ್ಲ, ತರಬೇತಿಯಲ್ಲಿ.

ಮೊದಲು ದೊಡ್ಡ ಗಾತ್ರದ ವಿಷಯ. ಥಿಯೊಡೋರ್ ರೂಸ್‌ವೆಲ್ಟ್ ನ್ಯೂಯಾರ್ಕ್ ನಗರದ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದಾಗ, 1896ರಲ್ಲಿ, ಅಲ್ಲಿನ ಪೊಲೀಸರಿಗೆ ಆರಿಸಿದ್ದು .32 ಕ್ಯಾಲಿಬರಿನ (ಅಂದರೆ ಗುಂಡಿನ ದಪ್ಪ ಇಂಚಿನ ಲೆಕ್ಕದಲ್ಲಿ) ಕೋಲ್ಟ್ ಕಂಪನಿಯ ನ್ಯೂ ಪೊಲೀಸ್ ರಿವಾಲ್ವರ್. ಚಿಕ್ಕದು, ಹಗುರ. ಆ ಕಾಲದ ಪೊಲೀಸರು ಬಂದೂಕನ್ನು ಕೋಟಿನ ಒಳಗೇ ಇಟ್ಟುಕೊಳ್ಳುತ್ತಿದ್ದರು. ಕಿರಿದಾದ ಬೀದಿ, ಸೀಟಿ ಊದಿದರೆ ಪಕ್ಕದ ಬೀದಿಯಿಂದ ಜೊತೆಗಾರ ಬರುತ್ತಾನೆ. ಅಲ್ಲಿಗೆ ಅದು ಸಾಕು.

ರಾಜ್ಯ ಪೊಲೀಸರ ಪಾಡೇ ಬೇರೆ. 1905ರಲ್ಲಿ ಪೆನ್ಸಿಲ್ವೇನಿಯಾ ತನ್ನ ರಾಜ್ಯ ಪೊಲೀಸ್ ಪಡೆ ಕಟ್ಟಿತು. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಪಡೆ ಬಂತು. ಇವರು ಕುದುರೆ ಮೇಲೆ ಹಳ್ಳಿಗಾಡು ಸುತ್ತುವವರು. ಏನಾದರೂ ಆದರೆ ನೆರವು ಎಷ್ಟೋ ಮೈಲಿ ದೂರ. ನ್ಯೂಯಾರ್ಕ್ ಪಡೆಯ ಮೊದಲ ಮುಖ್ಯಸ್ಥ ಜಾರ್ಜ್ ಫ್ಲೆಚರ್ ಚಾಂಡ್ಲರ್ ವೃತ್ತಿಯಿಂದ ವೈದ್ಯ. ಬಂದೂಕು ಸಮವಸ್ತ್ರದ ಹೊರಗೆ, ಬೆಲ್ಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು ಎಂದು ಆತ ಹಟ ಹಿಡಿದ. ಇವತ್ತು ಎಲ್ಲ ಕಡೆ ಕಾಣುವ ಈ ಪದ್ಧತಿ ಆಗ ಹೊಸದು. ಹೊರಗೆ ಕಟ್ಟುವುದಾದರೆ ಬಂದೂಕು ಚಿಕ್ಕದಿರಬೇಕು ಎಂಬ ಕಟ್ಟುಪಾಡೂ ಇಲ್ಲ, ಅಲ್ವಾ? ಅವರ ಕೈಗೆ ಬಂದದ್ದು .45 ಕ್ಯಾಲಿಬರಿನ ಕೋಲ್ಟ್ ನ್ಯೂ ಸರ್ವಿಸ್. ಕೋಲ್ಟ್ ಮಾಡಿದ ಭಾರಿ ರಿವಾಲ್ವರ್‌ಗಳಲ್ಲಿ ಅದೂ ಒಂದು.

ಆಮೇಲೆ ಕಾರು ಬಂತು. 1930ರ ಹೊತ್ತಿಗೆ ಬ್ಯಾಂಕ್ ದೋಚಿ ರಾಜ್ಯದ ಗಡಿ ದಾಟಿ ಓಡುವ ಗುಂಪುಗಳು ಹೆದ್ದಾರಿ ಪೊಲೀಸರ ದೊಡ್ಡ ತಲೆನೋವು. ಬಹುತೇಕರ ಬಳಿ ಇದ್ದ .38 ಸ್ಪೆಷಲ್ ಗುಂಡು ಕಾರಿನ ಉಕ್ಕಿನ ಮೈಯನ್ನು ಸರಿಯಾಗಿ ತೂರುತ್ತಿರಲಿಲ್ಲ. ಸ್ಮಿತ್ ಅಂಡ್ ವೆಸನ್ ಎಂಬ ಬಂದೂಕು ಕಂಪನಿ 1930ರಲ್ಲಿ ಅದೇ ತೋಟಾಕ್ಕೆ ಹೆಚ್ಚು ಬಲ ತುಂಬಿ, ಅದನ್ನು ತಾಳುವಂಥ ದಪ್ಪ ರಿವಾಲ್ವರ್ ಮಾಡಿತು. 1935ರಲ್ಲಿ .357 ಮ್ಯಾಗ್ನಮ್ ಬಂತು. ಇದರ ತೋಟಾವನ್ನು ಬೇಕೆಂದೇ ಸ್ವಲ್ಪ ಉದ್ದ ಮಾಡಿದರು. ಹಳೆಯ .38ರಲ್ಲಿ ಯಾರಾದರೂ ತುರುಕಿ ಹಾರಿಸಿದರೆ ಬಂದೂಕೇ ಸಿಡಿದೀತು ಎಂಬ ಭಯ. ಆದರೆ .38ರ ತೋಟಾ ಮ್ಯಾಗ್ನಮ್ ರಿವಾಲ್ವರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಮ್ಯಾಗ್ನಮ್‌ಗಳು ದುಬಾರಿ, ಭಾರವೂ ಹೌದು. 1955ರಲ್ಲಿ, ಗಡಿ ಕಾವಲು ಪಡೆಯ ಬಿಲ್ ಜೋರ್ಡನ್ ಸಲಹೆಯಂತೆ, ಸ್ಮಿತ್ ಅಂಡ್ ವೆಸನ್ ಮಧ್ಯಮ ಗಾತ್ರದ ಚೌಕಟ್ಟಿನಲ್ಲಿ .357 ಕೂರಿಸಿತು. ಅದೇ ಮುಂದೆ ಮಾಡೆಲ್ 19 ಎಂದು ಹೆಸರಾಯಿತು. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ಕಾರಿನಲ್ಲಿ ಕೂರುವವರಿಗೆ ಆ ತೂಕದ ವ್ಯತ್ಯಾಸ ಸಣ್ಣದಲ್ಲ. 1974ರಲ್ಲಿ ನ್ಯೂಯಾರ್ಕ್ ರಾಜ್ಯ ಪೊಲೀಸರು ಇನ್ನೂ ಸರಳವಾದದ್ದು ಕೇಳಿದರು: ಗುರಿ ನೋಡುವ ಭಾಗವನ್ನು ಸರಿಹೊಂದಿಸುವ ತಿರುಪುಗಳಿಲ್ಲದ, .38 ಹಾರಿಸುವ ಮಾಮೂಲು ಮಾಡೆಲ್ 10ರಂಥದೇ, ಆದರೆ .357 ಹಾರಿಸುವ ರಿವಾಲ್ವರ್. ಅದರಿಂದ ಮಾಡೆಲ್ 13 ಹುಟ್ಟಿತು.

ಇನ್ನು ಪಿಸ್ತೂಲು. ರಿವಾಲ್ವರ್ ಪರ ಇದ್ದವರ ವಾದ ಗಟ್ಟಿಯಾಗಿತ್ತು. ತೋಟಾ ಕೆಟ್ಟು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ತೋಟಾ ತಾನಾಗಿ ಬರುತ್ತದೆ. ಪಿಸ್ತೂಲಿನಲ್ಲಿ ಅದನ್ನು ಕೈಯಿಂದ ಹೊರಗೆ ತಳ್ಳಬೇಕು. ಆಗಿನ ಬಹಳಷ್ಟು ಪಿಸ್ತೂಲುಗಳು ದುಂಡು ಮೂತಿಯ ಗುಂಡು ಬಿಟ್ಟು ಬೇರೆ ಹಾಕಿದರೆ ಸಿಕ್ಕಿಕೊಳ್ಳುತ್ತಿದ್ದವು. 1967ರಲ್ಲಿ ಇಲಿನಾಯ್ ರಾಜ್ಯ ಪೊಲೀಸರು ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 39 ಎಂಬ 9 ಎಂಎಂ ಪಿಸ್ತೂಲಿಗೆ ಬದಲಾದರು. ರಾಜ್ಯ ಪಡೆಗಳಲ್ಲಿ ಅವರೇ ಮೊದಲು. ಉಳಿದ ಬಹುತೇಕ ಪಡೆಗಳು ವರ್ಷಗಟ್ಟಲೆ ಸುಮ್ನೆ ನೋಡುತ್ತಾ ಕೂತವು.

ಈಗ ನ್ಯೂಹಾಲ್. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯಲು ಕಾರಣವೇ ಇದು.

1970ರ ಏಪ್ರಿಲ್ 5ರ ನಡುರಾತ್ರಿ ಹತ್ತಿರವಾಗಿತ್ತು. ಲಾಸ್ ಏಂಜಲಿಸ್ ಉತ್ತರಕ್ಕಿರುವ ನ್ಯೂಹಾಲ್ ಬಳಿ ಕ್ಯಾಲಿಫೋರ್ನಿಯಾ ಹೆದ್ದಾರಿ ಗಸ್ತು ಪಡೆಯ ಇಬ್ಬರು ಒಂದು ಕಾರು ನಿಲ್ಲಿಸಿದರು. ಒಳಗಿದ್ದವರು ಬಾಬಿ ಡೇವಿಸ್ ಮತ್ತು ಜ್ಯಾಕ್ ಟ್ವಿನಿಂಗ್, ಇಬ್ಬರೂ ಹಳೆಯ ಅಪರಾಧಿಗಳು. ಕೆಲವೇ ಕ್ಷಣಗಳಲ್ಲಿ ಇಬ್ಬರು ಅಧಿಕಾರಿಗಳೂ ಬಿದ್ದರು. ನೆರವಿಗೆ ಬಂದ ಇನ್ನಿಬ್ಬರೂ ಬಿದ್ದರು. ಐದು ನಿಮಿಷದೊಳಗೆ ನಾಲ್ವರ ಸಾವು. ಯಾರಿಗೂ 25 ತುಂಬಿರಲಿಲ್ಲ, ಯಾರ ಕೆಲಸಕ್ಕೂ ಎರಡು ವರ್ಷ ಆಗಿರಲಿಲ್ಲ.

ಅವರಲ್ಲೊಬ್ಬ ಆರೂ ಗುಂಡು ಹಾರಿಸಿ ಮುಗಿಸಿದ್ದ. ಬೆಲ್ಟಿನ ಚೀಲದಿಂದ ಬಿಡಿ ತೋಟಾಗಳನ್ನು ತೆಗೆದು ಕತ್ತಲಲ್ಲಿ, ಗಾಯಗೊಂಡ ಸ್ಥಿತಿಯಲ್ಲಿ, ಒಂದೊಂದಾಗಿ ಸಿಲಿಂಡರಿಗೆ ತುಂಬುತ್ತಿದ್ದ. ಅಷ್ಟರಲ್ಲಿ ಟ್ವಿನಿಂಗ್ ಹತ್ತಿರ ಬಂದು ಆತನನ್ನು ಕೊಂದ. ಅಭ್ಯಾಸದ ಮೈದಾನದಲ್ಲಿ ಕಲಿತಂತೆ ಆತ ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಜೇಬಿಗೆ ಹಾಕಿಕೊಂಡಿದ್ದ ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಆಮೇಲೆ ಸೂಕ್ಷ್ಮವಾಗಿ ಪರಿಶೀಲಿಸಿದವರ ಪ್ರಕಾರ ಅವು ನೆಲದ ಮೇಲೇ ಬಿದ್ದಿದ್ದವು. ಸತ್ತವನ ಮೇಲೆ ಹೊರಿಸಿದ ಈ ಮಾತು ನನಗೆ ನೋವು ಕೊಡುತ್ತದೆ.

ನಿಜವಾದ ತಪ್ಪು ಅವರಿಗೆ ಕಲಿಸಿದ ರೀತಿಯಲ್ಲಿತ್ತು. ಅಭ್ಯಾಸ .38 ಸ್ಪೆಷಲ್ ಗುಂಡಿನಲ್ಲಿ. ಕೆಲಸಕ್ಕೆ ಹೋಗುವಾಗ ಒಯ್ದದ್ದು .357 ಮ್ಯಾಗ್ನಮ್. ಮೇಲೆ ಹೇಳಿದೆನಲ್ಲ, ಒಂದೇ ರಿವಾಲ್ವರ್‌ನಲ್ಲಿ ಎರಡೂ ಕೂರುತ್ತವೆ. ಅದರಿಂದ ಗುಂಡಿನ ಖರ್ಚು ಉಳಿಯಿತು. ಆದರೆ ಮ್ಯಾಗ್ನಮ್‌ನ ಸದ್ದು, ಬೆಂಕಿ, ಒದೆತ ಬೇರೆಯೇ. ಅದನ್ನು ಅವರು ಸರಿಯಾಗಿ ಅನುಭವಿಸಿದ್ದು ಆ ರಾತ್ರಿ. ಅಪಾಯಕಾರಿ ಕಾರನ್ನು ಹೇಗೆ ನಿಲ್ಲಿಸಬೇಕು, ನೆರವು ಬರುವ ತನಕ ಹೇಗೆ ಕಾಯಬೇಕು ಎಂಬುದರ ತಾಲೀಮೂ ಕಡಿಮೆ.

ಆಮೇಲೆ ಆ ಪಡೆ ತನ್ನ ತರಬೇತಿಯನ್ನು ತಿದ್ದಿತು. ಆರೂ ತೋಟಾಗಳನ್ನು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್‌ಗೆ ಒಪ್ಪಿಗೆ ಸಿಕ್ಕಿತು. ಗಮನಿಸಿ, ರಿವಾಲ್ವರನ್ನು ಬಿಡಲಿಲ್ಲ. ಅದನ್ನು ಬಿಟ್ಟದ್ದು ಇಪ್ಪತ್ತು ವರ್ಷದ ನಂತರ, 1990ರಲ್ಲಿ, ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 4006 ಪಿಸ್ತೂಲು ಬಂದಾಗ. ಆ ಹೊತ್ತಿಗೆ ಪಿಸ್ತೂಲುಗಳು ಸುಧಾರಿಸಿದ್ದವು, ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ಮಾರುಕಟ್ಟೆಗೆ ಬಂದಿತ್ತು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತ ಗುಂಡಿನ ಕಾಳಗ ಎಲ್ಲ ಪಡೆಗಳನ್ನೂ ಅಲುಗಾಡಿಸಿತ್ತು. ರಾಜ್ಯ ಪಡೆಗಳು ಒಂದರ ಹಿಂದೆ ಒಂದು ಬದಲಾದವು.

ಆ ಹಳೆಯ ರಿವಾಲ್ವರ್‌ಗಳು ಏನಾದವು ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಬಹಳಷ್ಟನ್ನು ಹೊಸ ಪಿಸ್ತೂಲಿನ ಬೆಲೆಯಲ್ಲಿ ವಜಾ ಮಾಡಿಕೊಂಡು ವ್ಯಾಪಾರಿಗಳು ಪಡೆದರು. ಕೆಲವನ್ನು ನಿವೃತ್ತರಾಗುವ ಅಧಿಕಾರಿಗಳೇ ಕೊಂಡರು. ಚೌಕಟ್ಟಿನ ಮೇಲೆ ಪಡೆಯ ಹೆಸರಿನ ಅಕ್ಷರಗಳು ಕೆತ್ತಿದ್ದರೆ ಸಂಗ್ರಹಕಾರರಿಗೆ ಅದೇ ಬಲು ಪ್ರೀತಿ. ಆದರೆ ಬರೀ ಕೆತ್ತನೆ ನಂಬಿ ಯಾರೂ ಹಣ ಸುರಿಯಬಾರದು, ಅದನ್ನು ಆಮೇಲೂ ಕೆತ್ತಿಸಬಹುದು. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ದಾಖಲೆಗಳಲ್ಲಿ ಕ್ರಮಸಂಖ್ಯೆ ಹುಡುಕಿದರೆ ಬಂದೂಕು ಯಾವ ದಿನ ಕಾರ್ಖಾನೆ ಬಿಟ್ಟಿತು, ಯಾರಿಗೆ ಹೋಯಿತು ಎಂದು ಬಹಳ ಸಲ ಗೊತ್ತಾಗುತ್ತದೆ. ಶುಲ್ಕ ಕಟ್ಟಿದರೆ ಆ ವಿವರವನ್ನು ಪತ್ರದ ರೂಪದಲ್ಲಿ ಕೊಡುತ್ತಾರೆ.

ಸಂಪಾದಕ