‘ಹೌದು–ಇಲ್ಲ’ ಉತ್ತರವನ್ನು ರಿಗ್ರೆಶನ್‌ನಲ್ಲಿ ಬಳಸಬಹುದೇ?

ಪ್ರಶ್ನೆ: ನಾನು ಕೃಷಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಎಕರೆವಾರು ಇಳುವರಿಯ ಕುರಿತ ನನ್ನ ಪ್ರಬಂಧದಲ್ಲಿ ‘ಕೊಳವೆಬಾವಿ ಇದೆಯೇ’ ಎಂಬುದೂ ಒಂದು ಚರ. ಉತ್ತರ ಹೌದು ಅಥವಾ ಇಲ್ಲ ಮಾತ್ರ ಆಗಿರುವುದರಿಂದ ಅದು ನಾರ್ಮಲ್ ಹಂಚಿಕೆಗೆ (ಸರಾಸರಿಯ ಸುತ್ತ ದಟ್ಟವಾಗಿದ್ದು ಎರಡೂ ಬದಿಗೆ ಸಮವಾಗಿ ಇಳಿಯುವ ಗಂಟೆಯಾಕಾರದ ಹರಡಿಕೆಗೆ) ಒಗ್ಗುವುದಿಲ್ಲ, ಲೀನಿಯರ್ ರಿಗ್ರೆಶನ್‌ಗೆ (ಚರಗಳಿಂದ ಫಲಿತಾಂಶವನ್ನು ಸರಳರೇಖೆಯ ಸೂತ್ರದಲ್ಲಿ ಅಂದಾಜಿಸುವ ವಿಧಾನಕ್ಕೆ) ಬಳಸಬಾರದು ಎಂದು ಸಹಪಾಠಿಗಳು ಹೇಳುತ್ತಾರೆ. ನಿಜವೇ? ‘ಇಲ್ಲ’ ಎಂಬುದಕ್ಕೆ 1, ‘ಹೌದು’ ಎಂಬುದಕ್ಕೆ 2 ಎಂದು ದಾಖಲಿಸಿದ್ದೇನೆ, ತಪ್ಪಾಯಿತೇ?

ಉತ್ತರ: ಧಾರಾಳವಾಗಿ ಬಳಸಬಹುದು. ನಾರ್ಮಲ್ ಹಂಚಿಕೆಯ ಮಾತು ಬರುವುದು ದೋಷಾಂಶಕ್ಕೆ, ಅಂದರೆ ಎಲ್ಲ ಚರಗಳ ಪ್ರಭಾವವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇಳುವರಿಯಲ್ಲಿ ಉಳಿಯುವ ಏರುಪೇರಿಗೆ. ಕಾರಣವೆಂದು ಇಟ್ಟುಕೊಂಡ ಚರಕ್ಕೆ ಅಂಥ ನಿಬಂಧನೆಯೇ ಇಲ್ಲ. ಈ ತಪ್ಪು ತಿಳಿವಳಿಕೆಯಿಂದ ಒಳ್ಳೆಯ ಚರಗಳನ್ನೇ ಕೈಬಿಟ್ಟ ಪ್ರಬಂಧಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಬಳಸುವ ‘ಆರ್’ (R) ತಂತ್ರಾಂಶದ ಜೊತೆಗೇ ಬರುವ ‘ಎಂಟಿಕಾರ್ಸ್’ (mtcars) ದತ್ತಾಂಶವನ್ನು ತೆರೆದು ನೋಡಿ. ಅಮೆರಿಕದ ‘ಮೋಟರ್ ಟ್ರೆಂಡ್’ ಪತ್ರಿಕೆಯಲ್ಲಿ 1974ರಲ್ಲಿ ಬಂದ 32 ಕಾರುಗಳ ವಿವರ ಅದರಲ್ಲಿದ್ದು, ಆಟೊಮ್ಯಾಟಿಕ್ ಗೇರಿಗೆ 0, ಮ್ಯಾನ್ಯುಯಲ್ ಗೇರಿಗೆ 1 ಎಂದು ಗುರುತು ಹಾಕಲಾಗಿದೆ. ಈ ಒಂದೇ ಚರದಿಂದ ಮೈಲೇಜನ್ನು ಅಂದಾಜಿಸಿದರೆ ಸ್ಥಿರಾಂಕ (ಚರ 0 ಆಗಿದ್ದಾಗಿನ ಅಂದಾಜು) 17.15, ಗುಣಾಂಕ (ಚರ 1ರಷ್ಟು ಹೆಚ್ಚಿದಾಗ ಅಂದಾಜಿನಲ್ಲಾಗುವ ಬದಲಾವಣೆ) 7.24 ಬರುತ್ತದೆ. 17.15 ಎಂಬುದು 19 ಆಟೊಮ್ಯಾಟಿಕ್ ಕಾರುಗಳು ಒಂದು ಗ್ಯಾಲನ್‌ಗೆ ಓಡಿದ ಮೈಲಿಗಳ ಸರಾಸರಿ, ಅದಕ್ಕೆ 7.24 ಕೂಡಿಸಿದರೆ ಸಿಗುವ 24.39 ಉಳಿದ 13 ಮ್ಯಾನ್ಯುಯಲ್ ಕಾರುಗಳ ಸರಾಸರಿ. ಗುಣಾಂಕವೆಂದರೆ ಇಲ್ಲಿ ಎರಡು ಗುಂಪುಗಳ ಸರಾಸರಿಗಳ ನಡುವಿನ ಅಂತರ, ಅಷ್ಟೇ. ಎರಡು ಸರಾಸರಿಗಳ ಅಂತರ ಬರೀ ಆಕಸ್ಮಿಕವೇ ಎಂದು ನೋಡುವ ಟಿ–ಪರೀಕ್ಷೆಯೂ, ಎರಡೂ ಗುಂಪುಗಳ ಏರುಪೇರು ಸಮವೆಂದು ಹಿಡಿದರೆ, ಇದೇ ಫಲಿತಾಂಶ ಕೊಡುತ್ತದೆ.

ಆದರೆ ಕಾರಿನ ತೂಕವನ್ನೂ ಮಾದರಿಗೆ (ಅಂದಾಜಿನ ಸೂತ್ರಕ್ಕೆ) ಸೇರಿಸಿದೊಡನೆ ಆ 7.24 ಕುಸಿದು −0.02 ಆಗುತ್ತದೆ. ಆ ಪಟ್ಟಿಯ ಮ್ಯಾನ್ಯುಯಲ್ ಕಾರುಗಳು ಸರಾಸರಿ ಸುಮಾರು 2,410 ಪೌಂಡ್, ಆಟೊಮ್ಯಾಟಿಕ್ ಕಾರುಗಳು ಸುಮಾರು 3,770 ಪೌಂಡ್ ತೂಗುತ್ತವೆ; ಗೇರಿನದೆಂದು ಕಂಡ ವ್ಯತ್ಯಾಸವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತೂಕವೇ ವಿವರಿಸಿಬಿಡುತ್ತದೆ. ನಿಮ್ಮ ವಿಷಯದಲ್ಲೂ, ಕೊಳವೆಬಾವಿ ಕೊರೆಸುವ ಶಕ್ತಿಯುಳ್ಳವರು ಬೀಜ–ಗೊಬ್ಬರಕ್ಕೂ ಹೆಚ್ಚು ಖರ್ಚು ಮಾಡಬಲ್ಲವರಾಗಿರಬಹುದು. ಆದ್ದರಿಂದ ಆ ಖರ್ಚನ್ನು ಮಾದರಿಯಲ್ಲಿ ಸೇರಿಸದೆ ಕೊಳವೆಬಾವಿಯ ಗುಣಾಂಕವನ್ನು ನಂಬಬೇಡಿ.

1 ಮತ್ತು 2 ಎಂದು ಬರೆದುದರಿಂದ ಗುಣಾಂಕ ಕೆಡುವುದಿಲ್ಲ, ಸ್ಥಿರಾಂಕ ಮಾತ್ರ ಅರ್ಥ ಕಳೆದುಕೊಳ್ಳುತ್ತದೆ. ಮೇಲಿನ ಕಾರುಗಳಿಗೆ ಹಾಗೆ ಮಾಡಿದರೆ ಸ್ಥಿರಾಂಕ 9.9 ಬರುತ್ತದೆ, ಅದು ಯಾವ ಗುಂಪಿನ ಸರಾಸರಿಯೂ ಅಲ್ಲ. 0 ಮತ್ತು 1ಕ್ಕೆ ಬದಲಿಸಿಕೊಳ್ಳಿ.

ಮುಂದೆ ನೀರಾವರಿಯನ್ನು ಕೊಳವೆಬಾವಿ, ಕಾಲುವೆ, ಮಳೆಯಾಶ್ರಯ ಎಂದು ಮೂರಾಗಿ ವಿಂಗಡಿಸುವುದಾದರೆ 1, 2, 3 ಎಂದು ಬರೆಯಲೇಬೇಡಿ, ಏಕೆಂದರೆ ಅವುಗಳ ನಡುವೆ ಅಂಥ ಏರುಕ್ರಮವಿಲ್ಲ. ಮಳೆಯಾಶ್ರಯವನ್ನು ಹೋಲಿಕೆಯ ನೆಲೆಯಾಗಿ ಬಿಟ್ಟು, ಉಳಿದೆರಡಕ್ಕೆ 0–1ರ ಎರಡು ಕಾಲಂ ಮಾಡಿ. ಮೂರಕ್ಕೂ ಕಾಲಂ ಮಾಡಿದರೆ ಪ್ರತಿ ಸಾಲಿನಲ್ಲೂ ಅವುಗಳ ಮೊತ್ತ 1 ಆಗಿ ಸ್ಥಿರಾಂಕದೊಂದಿಗೆ ಬೆರೆತುಹೋಗುತ್ತದೆ, ಗುಣಾಂಕಗಳನ್ನು ಬಿಡಿಸಲು ಬರುವುದಿಲ್ಲ.