ಆಶುಭಾಷಣ ಅಂದರೆ ತಯಾರಿ ಇಲ್ಲದ ಭಾಷಣವೇ? ಈ ಪದ ಎಲ್ಲಿಂದ ಬಂತು?

ಹತ್ತು ಭಾಷಣ ಉರು ಹೊಡೆದು ಸ್ಪರ್ಧೆಗೆ ಹೋಗಲೋ, ಬರಿಗೈಯಲ್ಲಿ ಹೋಗಲೋ ಅಂತಲೂ ಕೇಳಿದ್ದೀರಿ. ನಾನು ಹನ್ನೆರಡು ಉರು ಹೊಡೆದಿದ್ದ ಮಹಾನುಭಾವ.

ಪಿಯುಸಿಯಲ್ಲಿದ್ದೆ. ಪರಿಸರ, ವರದಕ್ಷಿಣೆ, ಯುವಶಕ್ತಿ, ವಿಜ್ಞಾನ ವರವೋ ಶಾಪವೋ, ಎಲ್ಲ ನಾಲಿಗೆ ತುದಿಯಲ್ಲಿ. ಚೀಟಿ ಎತ್ತಿದರೆ ‘ಬೀಗ’! ಯೋಚಿಸಲು ಎರಡು ನಿಮಿಷ. ಆ ಎರಡು ನಿಮಿಷ ಬೀಗದ ಕಡೆ ನಾನು ತಿರುಗಿಯೂ ನೋಡಲಿಲ್ಲ. ಹನ್ನೆರಡರಲ್ಲಿ ಯಾವುದಕ್ಕೆ ಇದನ್ನು ತಗುಲಿಹಾಕಲಿ ಅಂತ ತಡಕಾಡಿದೆ. ‘ಬೀಗವನ್ನು ಕಬ್ಬಿಣದಿಂದ ಮಾಡುತ್ತಾರೆ, ಕಬ್ಬಿಣ ಭೂಮಿಯಿಂದ ಬರುತ್ತದೆ, ಭೂಮಿ ನಮ್ಮ ತಾಯಿ’ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರಿಸರದ ಭಾಷಣವನ್ನು ನಾನು ಮೊದಲಿನಿಂದ ಉರು ಹೊಡೆದಿದ್ದೆ, ನಡುವಿನಿಂದ ಹಿಡಿಯಲು ಹೋದರೆ ತುದಿಯೇ ಸಿಗಲಿಲ್ಲ. ‘ಓಜೋನ್ ಪದರ’ದ ಹತ್ತಿರ ನಿಂತವನು ಅಲ್ಲೇ ನಿಂತೆ. ಮರೆತದ್ದು ತಪ್ಪಲ್ಲ ಬಿಡಿ, ಯಾರಿಗಾದರೂ ಮರೆಯುತ್ತದೆ. ಕೊಟ್ಟ ವಿಷಯವನ್ನು ಅಡ್ಡಿ ಅಂದುಕೊಂಡದ್ದು ತಪ್ಪು. ಹಿಂದಿನ ವಾರವಷ್ಟೇ ಕೀ ಕಳೆದುಕೊಂಡು, ಬೀಗ ಬಿದ್ದ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದುಕೊಂಡು ಮನೆವರೆಗೆ ನಡೆದಿದ್ದೆ. ಮೂರು ನಿಮಿಷಕ್ಕೆ ಅದೊಂದೇ ಸಾಕಿತ್ತು. ನೆನಪೇ ಆಗಲಿಲ್ಲ!

ಇಳಿದು ಬಂದಾಗ ತೀರ್ಪುಗಾರರೊಬ್ಬರು ಕರೆದು, ‘ಆಶುತೋಷ ಅಂದ್ರೆ ಯಾರೋ?’ ಅಂದರು.
‘ಶಿವ ಸಾರ್.’
‘ಯಾಕೆ ಹಾಗಂತಾರೆ?’
‘ಬೇಗ ಒಲಿಯೋನು.’
‘ಮತ್ತೆ ಆಶುಭಾಷಣ?’

ಅಷ್ಟೇ ನೋಡಿ. ಸಂಸ್ಕೃತದ ‘ಆಶು’ ಅಂದರೆ ಬೇಗ, ಚುರುಕು. ಋಗ್ವೇದದಲ್ಲಿ ಓಡುವ ಕುದುರೆಗೆ ಈ ಮಾತು ಬರುತ್ತದೆ. ಬಾಣಕ್ಕೂ ಗಾಳಿಗೂ ‘ಆಶುಗ’ ಅನ್ನುತ್ತಾರೆ. ತಯಾರಿ ಇಲ್ಲ ಅನ್ನುವ ಅರ್ಥ ಆ ಪದದೊಳಗೆ ಎಲ್ಲಿದೆ? ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ ಎಕ್ಸ್‌ಟೆಂಪೋರ್ ಕೂಡ ಅಷ್ಟೇ. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಅಂದರೆ ‘ಇಂದ’, ‘ಟೆಂಪೋರೆ’ ಕಾಲ. ಆ ಗಳಿಗೆಯಿಂದಲೇ ಹುಟ್ಟಿದ್ದು ಅಂತ. (ಇಂಗ್ಲಿಷರು ಅದನ್ನು ‘ಎಕ್ಸ್‌ಟೆಂಪರಿ’ ಅನ್ನುತ್ತಾರೆ, ನಾವು ಕೊನೆಯದನ್ನು ನುಂಗಿದ್ದೇವೆ.) ಇದಕ್ಕೇ ಇರುವ ಇನ್ನೊಂದು ಇಂಗ್ಲಿಷ್ ಪದ ಇಂಪ್ರಾಂಪ್ಟು ಇನ್ನೂ ತಮಾಷೆ: ಅದರ ಮೂಲ ‘ಇನ್ ಪ್ರಾಂಪ್ಟು’ ಅಂದರೆ ಕೈಗೆ ಸಿಗುವಂತೆ ಸಿದ್ಧವಾಗಿರುವುದು!

ಎಂಟು ಜನ ಕೇಳುವುದನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನದಲ್ಲಿ ಆಶುಕವಿತೆ ಅಂತಲೇ ಒಂದು ವಿಭಾಗವಿದೆ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ವಿಷಯ ಕೊಡುತ್ತಾರೆ, ಅವಧಾನಿಗಳು ಅಲ್ಲೇ ಪದ್ಯ ಕಟ್ಟಿ ಹೇಳುತ್ತಾರೆ. ಅವರು ಛಂದಸ್ಸಿಗೆ ತಯಾರಿಲ್ಲದೆ ಬಂದು ಕೂತವರೇ? ಪದ್ಯ ಹೊಸದು, ಅಭ್ಯಾಸ ಹಳೆಯದು.

ಹಾಗಾಗಿ ನಿಮ್ಮ ಎರಡು ದಾರಿಯೂ ನನಗೆ ಒಪ್ಪಿಗೆಯಿಲ್ಲ. ಹತ್ತು ಭಾಷಣ ಇವತ್ತೇ ಹರಿದುಹಾಕಿ. ದಿನಾ ಮನೆಯ ಯಾವುದಾದರೂ ವಸ್ತುವಿನ ಹೆಸರು ಚೀಟಿಯಲ್ಲಿ ಬರೆದು ಎತ್ತಿ, ಅದರ ಜೊತೆ ನಿಮಗಾದ ಒಂದು ಫಜೀತಿಯನ್ನು ಮೂರು ನಿಮಿಷ ಜೋರಾಗಿ ಹೇಳಿ. ‘ಬೀಗ’ ಬಂದರೆ ನನ್ನ ಸೈಕಲ್ ಕಥೆ ಎತ್ತಿಕೊಳ್ಳಿ, ನನಗಂತೂ ಉಪಯೋಗಕ್ಕೆ ಬರಲಿಲ್ಲ.